ಕಿರುಗುಟ್ಟದ ಬಾಗಿಲು

ಭಾನುವಾರ ಚರ್ಚಿನ ಪ್ರಸಂಗದಲ್ಲಿ ಸಭಾಪಾಲಕರು ಆ ಒಂದು ಮಾತು ಹೇಳದೆ ಇದ್ದಿದ್ದರೆ ಸೋಮವಾರ ಮೆಕ್ಯಾನಿಕ್ಕನ ಮನೆಯಿದ್ದ ಕಟ್ಟಡದಲ್ಲಿ ಎಲ್ಲರೂ ತಮ್ಮ ತಮ್ಮ ಪಾಡಿಗೆ ಇರುತ್ತಿದ್ದರು. ಅವರು ಹೇಳಿದ್ದೇನೂ ಹೊಸದಲ್ಲ. ಭಾನುವಾರ ಬಂದು ಬೆಂಚಿನ ಮೇಲೆ ಕೂತು ಎದ್ದುಹೋದರೆ ಅದು ಭಕ್ತಿಯಲ್ಲ, ಉಳಿದ ದಿನಗಳಲ್ಲೂ ಮನೆಯಲ್ಲಿ, ಮೆಟ್ಟಿಲ ಮೇಲೆ, ಕೆಲಸದ ಜಾಗದಲ್ಲಿ ಕರ್ತನಿಗೆ ಪೂರ್ತಿ ಒಪ್ಪಿಸಿಕೊಂಡು ಬದುಕಬೇಕು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. "ಈ ವಾರ ಒಂದೇ ಒಂದು ಒಳ್ಳೆ ಕೆಲಸ ಮಾಡಿ. ಆದರೆ ಮಾಡಿದ್ದು ನೀವು ಅಂತ ದೇವರನ್ನ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದು. ಹೆಂಡತಿಗೂ ಹೇಳಬೇಡಿ" ಎಂದು ಸೇರಿಸಿದರು. ಹಾಗೆನ್ನುವಾಗ ಅವರ ಕಣ್ಣು ಮೆಕ್ಯಾನಿಕ್ಕನ ಮೇಲೆ ನಿಂತಿತ್ತು. ನಿಂತಿತ್ತೋ ಇಲ್ಲವೋ, ಮೆಕ್ಯಾನಿಕ್ಕನಿಗಂತೂ ಹಾಗನ್ನಿಸಿತು.

ಮೆಕ್ಯಾನಿಕ್ಕನ ಕಸುಬು ಹೊಲಿಗೆ ಯಂತ್ರಗಳ ರಿಪೇರಿ. ಮನುಷ್ಯ ಒಳ್ಳೆಯವನೇ. ಆದರೆ ತಾನು ಒಳ್ಳೆಯವನೆಂಬ ಸುದ್ದಿ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮುದುಕಿಯೊಬ್ಬಳನ್ನು ರಸ್ತೆ ದಾಟಿಸಿದನೆಂದರೆ ಆಕೆ ಆಚೆ ದಡ ಸೇರುವ ಮೊದಲೇ ಈಚೆ ಇದ್ದವರಿಗೆಲ್ಲ ವಿಷಯ ತಿಳಿದಿರುತ್ತಿತ್ತು. ಹೆಂಡತಿಯ ತವರಿನವರು ಅವನಿಗೆ ಡಂಗುರ ಎಂದು ಹೆಸರಿಟ್ಟಿದ್ದರು. ಅದು ಅವನಿಗೂ ಗೊತ್ತಿತ್ತು, ಗೊತ್ತಿದ್ದೂ ಸುಧಾರಿಸಿಕೊಳ್ಳಲು ಆಗಿರಲಿಲ್ಲ ಎಂಬ ನೋವೂ ಇತ್ತು. ಆ ರಾತ್ರಿ ಮಂಡಿಯೂರಿ ಕೂತು, ಒಂದೇ ಒಂದು ದಿನವಾದರೂ ಬಾಯಿಗೆ ಬೀಗ ಹಾಕಿಕೊಂಡು ನಿನ್ನವನಾಗಿ ಬದುಕುತ್ತೇನೆ ಎಂದು ದೇವರಿಗೆ ಮಾತು ಕೊಟ್ಟ. ಅದು ಬರೀ ಬಾಯಿಮಾತಾಗಿರಲಿಲ್ಲ.

ಒಳ್ಳೆಯ ಕೆಲಸಕ್ಕಾಗಿ ದೂರ ಹುಡುಕಬೇಕಾಗಿರಲಿಲ್ಲ. ಅವನ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬ ತಾತ, ಅವರ ಸೊಸೆ ಇದ್ದರು. ತಾತ ಒಂದು ಕಾಲದಲ್ಲಿ ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಮಗ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ಅರ್ಧದಷ್ಟು ದಿನ ರಸ್ತೆಯ ಮೇಲೇ. ಸೊಸೆ ಒಳಗಿನ ಕೋಣೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದಳು. ಆ ಮನೆಯ ಮುಂಬಾಗಿಲು ತೆರೆದರೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತಿತ್ತು. ಇಡೀ ಕಟ್ಟಡಕ್ಕೆ ಕೇಳಿಸುತ್ತಿತ್ತು. ಯಂತ್ರಗಳ ಸದ್ದು ಕೇಳಿಯೇ ಕಾಯಿಲೆ ಹೇಳುವ ಮೆಕ್ಯಾನಿಕ್ಕನಿಗೆ ಅದನ್ನು ಕೇಳಿದಾಗಲೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು. ಪಾಪ, ಮಗ ಊರಲ್ಲಿಲ್ಲ, ಎಣ್ಣೆ ಬಿಡುವವರಿಲ್ಲ ಎಂದುಕೊಂಡ. ಒಂದು ಮಾತು ಕೇಳಬಹುದಿತ್ತು. ಆದರೆ ಕೇಳಿ ಮಾಡಿದರೆ ಗುಟ್ಟು ಎಲ್ಲಿ ಉಳಿಯಿತು?

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಬ್ರೆಡ್ಡು ತರುವ ನೆಪ ಮಾಡಿ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದ. ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಕೀಲುಗಳು ಹೊರಗೇ ಇದ್ದವು. ಜೇಬಿನಲ್ಲಿ ಸದಾ ಇರುವ, ಉದ್ದ ಮೂತಿಯ ಪುಟ್ಟ ಎಣ್ಣೆಡಬ್ಬಿ ತೆಗೆದು ಒಂದೊಂದು ಕೀಲಿಗೂ ಜೋಪಾನವಾಗಿ ಎಣ್ಣೆ ಬಿಟ್ಟ. ಒಳಗೆ ತಾತ ಎದ್ದು ಕೂತು ಪ್ರಾರ್ಥನೆ ಮಾಡುತ್ತಿದ್ದ ಗೊಣಗು ಕೇಳಿಸಿತು. ಮೆಕ್ಯಾನಿಕ್ ಉಸಿರು ಬಿಗಿಹಿಡಿದು, ಬಾಗಿಲಿಗೆ ತಲೆಬಾಗಿ, ಬ್ರೆಡ್ಡಿಗೆ ಹೋದ.

ಮನೆಗೆ ಮರಳಿದಾಗ ಹೆಂಡತಿ ಅವನ ಮುಖ ನೋಡಿದಳು. "ಏನಾಯ್ತು? ಬ್ರೆಡ್ಡು ತರೋಕೆ ಹೋದವರು ಬಹುಮಾನ ತಂದ ಹಾಗಿದ್ದೀರಿ."

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ. ಯಾರಿಗೆ ಏನು ಮಾಡಿ ಬಂದ್ರಿ, ಹೇಳಿ. ಚಹಾ ಆರೋ ಮೊದಲು ಹೇಳಿ ಮುಗಿಸಿ."

ಮೆಕ್ಯಾನಿಕ್ ಬ್ರೆಡ್ಡಿನ ತುಂಡೊಂದನ್ನು ಬಾಯಿಗೆ ತುರುಕಿಕೊಂಡ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ತುರುಕಿಕೊಂಡ. ಹೀಗೆ ಆ ದಿನ ಅರ್ಧ ಬ್ರೆಡ್ಡು ತಿಂದು ಗುಟ್ಟು ಉಳಿಸಿಕೊಂಡು ಕೆಲಸಕ್ಕೆ ಹೊರಟ.

ಕೆಲಸದ ಜಾಗದಲ್ಲಿ ಕಷ್ಟ ಇನ್ನೂ ಹೆಚ್ಚಿತು. ಎದುರು ಮೇಜಿನಲ್ಲಿ ಕೂರುವ ಕನ್ನಡಕದವನಿಗೆ ಪರರ ವಿಷಯ ಎಂದರೆ ಪ್ರಾಣ. ಮೆಕ್ಯಾನಿಕ್ ಒಂದು ಯಂತ್ರದ ಹೊಟ್ಟೆ ಬಿಚ್ಚಿಟ್ಟುಕೊಂಡು ತನ್ನಷ್ಟಕ್ಕೆ ತಾನು ಕೀರ್ತನೆ ಗುನುಗುತ್ತಿದ್ದುದನ್ನು ಅವನು ಸ್ವಲ್ಪ ಹೊತ್ತು ನೋಡಿದ.

"ಏನೋ ಒಳ್ಳೆ ಕೆಲಸ ಮಾಡಿದ್ದೀಯ. ಹೇಳಿಬಿಡು, ಆಮೇಲೆ ಊಟದ ಹೊತ್ತಲ್ಲಿ ತಲೆ ತಿನ್ನಬೇಡ."

"ಹೇಳೋ ಹಾಗಿಲ್ಲ."

"ನೀನು ಹೇಳ್ತಿಲ್ಲ ಅಂದ್ರೆ ಕೆಟ್ಟ ಕೆಲಸವೇ ಇರಬೇಕು," ಎಂದ ಕನ್ನಡಕದವನು. ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ಹಾಗಿದ್ರೆ ಇನ್ನೂ ಹೇಳು."

ಮೆಕ್ಯಾನಿಕ್ಕನ ನಾಲಿಗೆಯ ತುದಿಗೆ ಬಂದಿದ್ದ ಮಾತು ಅಲ್ಲೇ ಕುಣಿಯುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಹೆಂಡತಿ. ದೇವರೇ ಸರಿಯಾದ ಸಮಯಕ್ಕೆ ಕಾಪಾಡಿದ ಎಂದುಕೊಂಡು ಎತ್ತಿಕೊಂಡ.

"ಬೇಗ ಬನ್ನಿ. ಕೆಳಗಿನ ಮನೆ ತಾತ ಕಾಣಿಸ್ತಿಲ್ಲ. ಹೊರಗೆ ಹೋಗಿದ್ದು ಯಾರಿಗೂ ಗೊತ್ತೇ ಆಗಿಲ್ಲ. ಬಾಗಿಲು ಸದ್ದೇ ಮಾಡಿಲ್ಲವಂತೆ."

ಮೆಕ್ಯಾನಿಕ್ಕನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಯಂತ್ರದೊಳಗೆ ಬಿತ್ತು. ಅದನ್ನು ತೆಗೆಯುವ ವ್ಯವಧಾನವೂ ಇಲ್ಲದೆ ಎದ್ದು ಓಡಿದ.

ಮೆಟ್ಟಿಲ ಮೇಲೆ ಆಗಲೇ ಸಭೆ ಸೇರಿತ್ತು. ಮೊದಲ ಮಹಡಿಯ ನಿವೃತ್ತ ಇನ್ಸ್‌ಪೆಕ್ಟರ್ ಹಾಡುಹಗಲಲ್ಲಿ ಟಾರ್ಚು ಹಚ್ಚಿಕೊಂಡು ಬಾಗಿಲನ್ನು ಪರೀಕ್ಷಿಸುತ್ತಿದ್ದರು. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಮೊದಲ ಕೇಸು ಇದು, ಮುಖದಲ್ಲಿ ಹೊಸ ಕಳೆ ಬಂದಿತ್ತು. ನೆಲಮಹಡಿಯ ನರ್ಸಮ್ಮ ಸೊಸೆಯ ಬೆನ್ನು ಸವರುತ್ತಿದ್ದಳು. ಸೊಸೆ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

"ಹೋದ ವರ್ಷ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರ್ಕೊಂಡರಲ್ಲ, ಅವತ್ತಿಂದ ಒಬ್ರೇ ಹೊರಗೆ ಹೋಗಬಾರದು ಅಂತ ಡಾಕ್ಟರು ಹೇಳಿದ್ದಾರೆ. ಅವರು ಕೇಳಲ್ಲ. ಮೆಷಿನ್ ಓಡ್ತಿದ್ರೂ ಬಾಗಿಲು ಕಿರುಗುಟ್ಟಿದ್ರೆ ನಂಗೆ ಕೇಳಿಸ್ತಿತ್ತು, ಎದ್ದು ಓಡಿ ಹಿಡ್ಕೊಳ್ತಿದ್ದೆ. ಅದಕ್ಕೇ ನಾನು ಆ ಬಾಗಿಲಿಗೆ ಎಣ್ಣೆ ಬಿಡದೆ ಹಾಗೇ ಇಟ್ಟಿದ್ದು. ಆ ಸದ್ದೊಂದು ಇತ್ತು ಅಂತಲೇ ನಿಶ್ಚಿಂತೆಯಿಂದ ಹೊಲೀತಿದ್ದೆ," ಎಂದಳು.

ಮೆಕ್ಯಾನಿಕ್ ಜೇಬಿನಲ್ಲಿದ್ದ ಎಣ್ಣೆಡಬ್ಬಿಯನ್ನು ಅಂಗೈಯಿಂದ ಮುಚ್ಚಿಕೊಂಡ.

"ಬಂದೆಯಾ? ಸರಿಯಾದ ಹೊತ್ತಿಗೆ ಬಂದೆ," ಎಂದರು ಇನ್ಸ್‌ಪೆಕ್ಟರ್. ಕೀಲಿಗೆ ಬೆರಳು ಒತ್ತಿ ಅವನ ಮೂಗಿನ ಮುಂದೆ ಹಿಡಿದರು. "ಯಾರೋ ಬೇಕು ಅಂತಲೇ ಎಣ್ಣೆ ಬಿಟ್ಟಿದ್ದಾರೆ. ನೀನು ಯಂತ್ರದವನು. ಮೂಸಿ ನೋಡಿ ಯಾವ ಎಣ್ಣೆ ಹೇಳು."

ಸುಳ್ಳು ಹೇಳಬಾರದು, ಅದು ದೇವರ ಮಾತು. ಮಾಡಿದ್ದನ್ನು ಹೇಳಬಾರದು, ಅದು ದೇವರಿಗೆ ತಾನೇ ಕೊಟ್ಟ ಮಾತು. ಇವೆರಡೂ ಒಂದು ದಿನ ಮೆಟ್ಟಿಲ ಮೇಲೆ ಎದುರುಬದುರಾಗುತ್ತವೆ ಎಂದು ಸಭಾಪಾಲಕರು ಹೇಳಿಕೊಟ್ಟಿರಲಿಲ್ಲ.

"ಒಳ್ಳೆ ಎಣ್ಣೆ," ಎಂದ ಮೆಕ್ಯಾನಿಕ್.

"ಒಳ್ಳೆಯದೋ ಕೆಟ್ಟದ್ದೋ ಕೋರ್ಟು ನೋಡ್ಕೊಳ್ಳುತ್ತೆ. ಯಾವುದು ಅಂತ ಹೇಳು."

"ಹೊಲಿಗೆ ಮೆಷಿನ್ನಿಂದು."

ಇನ್ಸ್‌ಪೆಕ್ಟರ್ ಟಾರ್ಚನ್ನು ನಿಧಾನವಾಗಿ ಸೊಸೆಯ ಕಡೆ ತಿರುಗಿಸಿದರು. "ನಿಮ್ಮನೇಲಿ ಈ ಎಣ್ಣೆ ಇದೆಯೇನಮ್ಮ?"

"ಇದೆ. ಮೆಷಿನ್ ಇದ್ದ ಮೇಲೆ ಎಣ್ಣೆ ಇರಲ್ವಾ?"

"ಸರಿ," ಎಂದರು ಇನ್ಸ್‌ಪೆಕ್ಟರ್, ಅದೊಂದು ಮಾತನ್ನೇ ರಬ್ಬರಿನ ಹಾಗೆ ಎಳೆದು.

ನರ್ಸಮ್ಮ ಸವರುತ್ತಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. "ವಯಸ್ಸಾದವರನ್ನ ನೋಡ್ಕೊಳ್ಳೋದು ಕಷ್ಟಾನೇ. ಗಂಡನೂ ಮನೇಲಿರಲ್ಲ. ಬೇಸರ ಬಂದುಬಿಡುತ್ತೆ. ನಾನೇನೂ ಹೇಳ್ತಿಲ್ಲಪ್ಪ."

ಸೊಸೆ ತಲೆ ಎತ್ತಿದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅಳುವುದನ್ನೇ ನಿಲ್ಲಿಸಿದಳು. ಆ ಮುಖವನ್ನು ಮೆಕ್ಯಾನಿಕ್ಕನಿಗೆ ನೋಡಲಾಗಲಿಲ್ಲ. ಗುಟ್ಟಾಗಿ ಮಾಡಿದ್ದಕ್ಕೆ ಸ್ವರ್ಗದಲ್ಲಿ ತನಗಾಗಿ ಕೂಡಿಟ್ಟ ಪ್ರತಿಫಲ ಏನಿತ್ತೋ ಅದು ಹಾಳಾಗಿ ಹೋಗಲಿ ಎಂದುಕೊಂಡ.

"ಎಣ್ಣೆ ಬಿಟ್ಟಿದ್ದು ನಾನು," ಎಂದ. "ಬೆಳಿಗ್ಗೆ. ಬ್ರೆಡ್ಡಿಗೆ ಹೋಗುವಾಗ."

ಎಲ್ಲರೂ ಅವನನ್ನು ನೋಡಿದರು. ಮೊದಲು ನಕ್ಕವಳು ಅವನ ಹೆಂಡತಿ. "ಇವರ ಮಾತು ನಂಬಬೇಡಿ. ಆ ಹುಡುಗಿ ಮೇಲೆ ಅಪವಾದ ಬರುತ್ತೆ ಅಂತ ಹೇಳ್ತಿದ್ದಾರೆ ಅಷ್ಟೇ. ಇವರು ಮಾಡಿದ್ದಿದ್ರೆ ನಂಗೆ ಹೇಳದೆ ಇರ್ತಿದ್ರಾ? ಈಚೆಗೆ ಮೆಟ್ಟಿಲ ಮೇಲಿದ್ದ ಬಾಳೆಹಣ್ಣಿನ ಸಿಪ್ಪೆ ತೆಗೆದು ಹಾಕಿದ್ದನ್ನ ವಾರವೆಲ್ಲ ಕೇಳಿದ್ದೀನಿ. ಇಂಥದ್ದನ್ನ ಮಾಡಿ ಇಷ್ಟು ಹೊತ್ತು ಬಾಯಿ ಮುಚ್ಕೊಂಡಿರೋದು ಇವರ ಕೈಲಿ ಆಗೋ ಕೆಲಸವಾ?"

"ನಮಗೂ ಹೇಳಿದ್ರು ಆ ಸಿಪ್ಪೆ ವಿಷಯ," ಎಂದಳು ನರ್ಸಮ್ಮ.

ಮೆಕ್ಯಾನಿಕ್ ಜೇಬಿನಿಂದ ಎಣ್ಣೆಡಬ್ಬಿ ತೆಗೆದು ತೋರಿಸಿದ. "ಇದರಲ್ಲೇ ಬಿಟ್ಟಿದ್ದು, ನೋಡಿ."

"ಅದು ನಿನ್ನ ಜೇಬಲ್ಲಿ ಯಾವತ್ತು ಇರಲ್ಲ ಹೇಳು," ಎಂದರು ಇನ್ಸ್‌ಪೆಕ್ಟರ್. ಅವನ ಭುಜ ತಟ್ಟಿದರು. "ಒಳ್ಳೆ ಮನಸ್ಸು ನಿಂದು. ಆದರೆ ತನಿಖೆ ದಾರಿ ತಪ್ಪಿಸಬೇಡ. ಹೋಗು, ತಾತನ್ನ ಹುಡುಕು, ಅದು ಉಪಯೋಗದ ಕೆಲಸ."

ಮೆಕ್ಯಾನಿಕ್ ಹುಡುಕಿದ. ಬಸ್ ನಿಲ್ದಾಣದಲ್ಲಿ ನೋಡಿದ, ಉದ್ಯಾನದ ಬೆಂಚುಗಳನ್ನು ನೋಡಿದ, ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಸಾಲಿನಲ್ಲಿ ನಿಂತ ಪ್ರತಿಯೊಬ್ಬ ಮುದುಕನ ಮುಖವನ್ನೂ ಇಣುಕಿ ನೋಡಿ ಬೈಸಿಕೊಂಡ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಬರುತ್ತಿದ್ದುದು ಒಂದೇ ಚಿತ್ರ: ಎಲ್ಲೋ ಒಂದು ಮೆಟ್ಟಿಲ ಕೆಳಗೆ ಬಿದ್ದಿರುವ ತಾತ. ಕೊನೆಗೆ ಕಾಲು ಸೋತು, ದೇವರ ಹತ್ತಿರವೇ ಕ್ಷಮೆ ಕೇಳುವುದೆಂದು ಚರ್ಚಿನ ಒಳಗೆ ಹೋದ.

ಮೊದಲ ಸಾಲಿನ ಬೆಂಚಿನಲ್ಲಿ ತಾತ ಕೂತಿದ್ದರು. ಕೈಯಲ್ಲಿ ಚಹಾದ ಕಪ್ಪು. ಪಕ್ಕದಲ್ಲಿ ಸಭಾಪಾಲಕರು ಕಣ್ಣೊರೆಸಿಕೊಳ್ಳುತ್ತಿದ್ದರು.

ಮೆಕ್ಯಾನಿಕ್ಕನಿಗೆ ಆದ ಸಮಾಧಾನಕ್ಕೆ ಅವನೂ ಅತ್ತುಬಿಡುತ್ತಿದ್ದ. ಹೆಂಡತಿಗೆ ಫೋನು ಮಾಡಿ, ತಾತ ಚರ್ಚಿನಲ್ಲಿ ಸಿಕ್ಕರು, ಚೆನ್ನಾಗಿದ್ದಾರೆ ಎಂದು ಹೇಳಿ, ಹತ್ತಿರ ಹೋಗಿ ನಿಂತ.

"ಬಾ, ನೀನೂ ಕೇಳು," ಎಂದರು ತಾತ. ಅವರ ಮುಖ ಒಂದು ವರ್ಷದಿಂದ ಅಷ್ಟು ಗೆಲುವಾಗಿದ್ದುದನ್ನು ಯಾರೂ ನೋಡಿರಲಿಲ್ಲ. "ಒಂದು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ಒಂದೇ ಪ್ರಾರ್ಥನೆ ಮಾಡ್ತಿದ್ದೆ. ಸೆರೆಮನೆಯಲ್ಲಿದ್ದ ನಿನ್ನ ಅಪೊಸ್ತಲನಿಗೆ ಬಾಗಿಲು ತೆರೆಯೋಕೆ ದೂತನ್ನ ಕಳಿಸಿದೆಯಲ್ಲ ಸ್ವಾಮಿ, ನನ್ನ ಬಾಗಿಲನ್ನೂ ಒಂದು ಸಲ ಹಾಗೆ ತೆರೆದುಬಿಡು, ನಿನ್ನ ಮನೇಲಿ ಒಂದು ಗಳಿಗೆ ಕೂತು ಬರ್ತೀನಿ ಅಂತ. ಇವತ್ತು ಪ್ರಾರ್ಥನೆ ಮಾಡ್ತಿರೋವಾಗ ಬಾಗಿಲ ಹೊರಗೆ ಯಾರೋ ನಿಂತ ಹಾಗನ್ನಿಸ್ತು. ಹೆಜ್ಜೆ ಸದ್ದಿಲ್ಲ. ಉಸಿರಿನ ಸದ್ದೂ ಇಲ್ಲ. ಮನುಷ್ಯರಿಗಾದರೆ ಹೆಜ್ಜೆ ಸದ್ದಿರುತ್ತೆ ತಾನೇ? ಆಮೇಲೆ ಬಾಗಿಲು ತಳ್ಳಿದೆ. ಬೆಣ್ಣೆಯ ಹಾಗೆ ತೆರೆದುಕೊಳ್ತು."

"ನಾನು ಸೇವೆಗೆ ಬಂದ ಮೇಲೆ ಇಂಥ ಸಾಕ್ಷಿ ಕೇಳಿಲ್ಲ," ಎಂದರು ಸಭಾಪಾಲಕರು, ಮತ್ತೆ ಕಣ್ಣೊರೆಸಿಕೊಂಡು. "ಮುಂದಿನ ಭಾನುವಾರ ನೀವೇ ನಿಂತು ಹೇಳಬೇಕು."

ಮೆಕ್ಯಾನಿಕ್ ಚಡಪಡಿಸಿದ. ಸುಮ್ಮನಿದ್ದರೆ ಭಾನುವಾರ ದೇವರ ಮನೆಯಲ್ಲೇ ಒಂದು ಸುಳ್ಳು ಸಾಕ್ಷಿ ನಡೆದುಹೋಗುತ್ತದೆ. ಬಾಯಿಬಿಟ್ಟರೆ ತಾತನ ಮುಖದ ಆ ಗೆಲುವು ಆರಿಹೋಗುತ್ತದೆ. ಸತ್ಯದ ಕಡೆಗೇ ಹೋಗೋಣವೆಂದು ತೀರ್ಮಾನಿಸಿದ.

"ತಾತ, ತಪ್ಪು ತಿಳ್ಕೋಬೇಡಿ. ಅದು ನಾನು. ಚಪ್ಪಲಿ ಕೈಯಲ್ಲಿ ಹಿಡ್ಕೊಂಡಿದ್ದೆ. ಎಣ್ಣೆ ಬಿಟ್ಟೆ."

ತಾತ ಅವನನ್ನು ಟಿಕೆಟ್ಟಿಲ್ಲದ ಪ್ರಯಾಣಿಕನನ್ನು ನೋಡುವಂತೆ ಮೇಲಿನಿಂದ ಕೆಳಗೆ ನೋಡಿದರು. "ನೀನಾ? ನನ್ನ ಗೋಡೆ ಗಡಿಯಾರ ಸರಿ ಮಾಡಿಕೊಡ್ತೀನಿ ಅಂತ ತಗೊಂಡು ಹೋಗಿ ಎಷ್ಟು ಕಾಲ ಆಯ್ತು? ಕೇಳಿದಾಗಲೇ ಮಾಡದವನು ಕೇಳದೆ ಬಂದು ಮಾಡಿದೆಯಾ?"

ಸಭಾಪಾಲಕರು ಮೆಕ್ಯಾನಿಕ್ಕನ ಹೆಗಲ ಮೇಲೆ ಕೈಹಾಕಿ ಕಂಬದ ಮರೆಗೆ ಕರೆದುಕೊಂಡು ಹೋದರು. ದನಿಯಲ್ಲಿ ಬೇಸರಕ್ಕಿಂತ ದುಃಖವೇ ಹೆಚ್ಚಿತ್ತು. "ತಮ್ಮಾ, ನಾನು ನಿನ್ನೆ ಹೇಳಿದ್ದು ಒಳ್ಳೆಯದನ್ನ ಗುಟ್ಟಾಗಿ ಮಾಡಿ ಅಂತ. ಬೇರೆಯವರು ಗುಟ್ಟಾಗಿ ಮಾಡಿದ್ದನ್ನ ನಂದು ಅನ್ನಿ ಅಂತ ಅಲ್ಲ. ಅದೂ ದೇವದೂತರು ಮಾಡಿದ್ದನ್ನ."

"ಆದರೆ ಅಯ್ಯನವರೇ—"

"ಪ್ರಾರ್ಥನೆ ಮಾಡು. ಈ ಚಟ ಒಂದೇ ದಿನಕ್ಕೆ ಹೋಗಲ್ಲ. ನನಗೂ ಗೊತ್ತು."

ಅಷ್ಟರಲ್ಲಿ ಕಟ್ಟಡದವರೆಲ್ಲ ಬಂದರು. ಸೊಸೆ ಓಡಿಬಂದು ತಾತನ ಕೈ ಹಿಡಿದುಕೊಂಡು ಅವರ ಮಂಡಿಯ ಮೇಲೆ ತಲೆಯಿಟ್ಟಳು. ತಾತ ಇನ್ನೊಂದು ಕೈಯಿಂದ ಅವಳ ತಲೆ ಸವರುತ್ತ ದೂತನ ಕತೆಯನ್ನು ಮೊದಲಿನಿಂದ ಹೇಳಿದರು. ಈ ಸಲ ಬಾಗಿಲ ಸಂದಿಯಲ್ಲಿ ಸ್ವಲ್ಪ ಬೆಳಕೂ ಕಾಣಿಸಿತ್ತು.

"ದೂತರು ಹೊಲಿಗೆ ಮೆಷಿನ್ ಎಣ್ಣೆ ಯಾಕೆ ಬಳಸ್ತಾರೆ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಸಿಕ್ಕಿದ್ದನ್ನ ಬಳಸ್ತಾರೆ," ಎಂದರು ತಾತ. "ನನ್ನ ಸೊಸೆ ಮೇಲೆ ಅನುಮಾನ ಪಟ್ಟೆಯಂತೆ? ಒಂದು ವರ್ಷದಿಂದ ನನ್ನ ಬಟ್ಟೆ ಒಗೆದು ಹಾಕಿದವಳು ಅವಳು. ಅವಳು ನನ್ನ ಹೊರಗೆ ಬಿಡೋ ಹಾಗಿದ್ರೆ ನಾನು ದೇವರ ತನಕ ಯಾಕೆ ಹೋಗ್ತಿದ್ದೆ?"

"ನಾನು ಆಗಲೇ ಹೇಳಿದೆ, ಈ ಹುಡುಗಿ ಅಂಥವಳಲ್ಲ ಅಂತ," ಎಂದಳು ನರ್ಸಮ್ಮ. ಇನ್ಸ್‌ಪೆಕ್ಟರ್ ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡರು. ಸೊಸೆಯ ಮೇಲಿನ ಮಾತು ಅಲ್ಲಿಗೆ ತೊಲಗಿತು. ಮೆಕ್ಯಾನಿಕ್ಕನ ಎದೆಯ ಮೇಲಿನ ಕಲ್ಲೂ ಇಳಿಯಿತು. ತನ್ನನ್ನು ಯಾರು ಏನಂದುಕೊಂಡರೂ ಪರವಾಗಿಲ್ಲ ಎಂದುಕೊಂಡು ಎಲ್ಲರ ಹಿಂದೆ ತಲೆತಗ್ಗಿಸಿ ನಡೆದ.

ಆದರೆ ದಿನ ಮುಗಿದಿರಲಿಲ್ಲ. ಮನೆ ತಲುಪಿದ ಮೇಲೆ ಸೊಸೆ ಅವನನ್ನು ಬಾಗಿಲ ಹತ್ತಿರ ಕರೆದಳು. "ಅಣ್ಣಾ, ನೀವು ನನ್ನ ಮೇಲಿನ ಅಪವಾದ ನಿಮ್ಮ ಮೇಲೆ ಎಳ್ಕೊಂಡಿರಿ. ಅದನ್ನ ನಾನು ಮರೆಯಲ್ಲ. ಇನ್ನೊಂದು ಉಪಕಾರ ಮಾಡಿ. ಈ ಎಣ್ಣೆ ತೆಗೆದುಬಿಡಿ. ಮೊದಲಿನ ಹಾಗೇ ಸದ್ದು ಬರಬೇಕು. ಇಲ್ಲದಿದ್ರೆ ನಾನು ಹೊಲಿಯೋ ಹಾಗಿಲ್ಲ."

ಇಲ್ಲ ಎನ್ನಲು ಅವನಲ್ಲಿ ಕಾರಣವಿರಲಿಲ್ಲ. ಕೀಲಿನ ಕಡ್ಡಿಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಸೋಪಿನ ನೀರಲ್ಲಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಒಂದು ಚಿಟಿಕೆ ಮರಳನ್ನೂ ಹಾಕಿ ಮತ್ತೆ ಜೋಡಿಸಿದ. ಎಣ್ಣೆ ಬಿಡುವುದಕ್ಕೆ ಹಿಡಿದದ್ದು ಒಂದು ಗಳಿಗೆ, ತೆಗೆಯುವುದಕ್ಕೆ ಇಡೀ ಸಂಜೆ ಹಿಡಿಯಿತು. ಇನ್ಸ್‌ಪೆಕ್ಟರ್ ಟಾರ್ಚು ಹಿಡಿದರು. ನರ್ಸಮ್ಮ ಇನ್ನೂ ಸ್ವಲ್ಪ ಮರಳು ಹಾಕಲು ಸಲಹೆ ಕೊಟ್ಟಳು. ತಾತನನ್ನು ಬಿಟ್ಟುಹೋಗಲು ಬಂದಿದ್ದ ಸಭಾಪಾಲಕರೂ ನಿಂತು ನೋಡಿದರು. ಕೊನೆಗೆ ಬಾಗಿಲು ತಳ್ಳಿದಾಗ ಅದು ಮೊದಲಿಗಿಂತ ಜೋರಾಗಿ ಕಿರುಚಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನೋಡಿ, ಇದು ನಮ್ಮನೆಯವರು ಮಾಡಿದ ಕೆಲಸ," ಎಂದಳು ಹೆಂಡತಿ ಹೆಮ್ಮೆಯಿಂದ. "ಎಲ್ಲರ ಕಣ್ಣೆದುರಿಗೆ ಮಾಡಿದ್ದು."

"ಇದನ್ನ ಬೇಕಾದರೆ ಹೇಳ್ಕೋಬಹುದು," ಎಂದು ಸಭಾಪಾಲಕರೂ ಒಪ್ಪಿದರು.

ಎಲ್ಲರೂ ಅವರವರ ಮನೆಗೆ ಹೋದ ಮೇಲೆ ತಾತ ಒಳಗಿನ ಕುರ್ಚಿಯಿಂದ ಅವನನ್ನು ಕರೆದರು. ಮೆಕ್ಯಾನಿಕ್ ಅಪರಾಧಿಯಂತೆ ಮುಂದೆ ಹೋಗಿ ನಿಂತ. ದೂತ ತೆರೆದ ಬಾಗಿಲನ್ನು ಮುಚ್ಚಿದವನು ಎಂದು ಶಾಪ ಹಾಕುತ್ತಾರೇನೋ ಎಂದುಕೊಂಡಿದ್ದ.

"ಜೊತೆಗೆ ಯಾರಾದ್ರೂ ಇದ್ರೆ ದಿನಾ ಚರ್ಚಿಗೆ ಹೋಗಿ ಬರಬಹುದಂತೆ. ನನ್ನ ಸೊಸೆ ಹೇಳ್ತಾಳೆ. ಡಾಕ್ಟರೂ ಅದನ್ನೇ ಅಂದಿದ್ರಂತೆ," ಎಂದರು ತಾತ. "ಆದರೆ ಯಾರು ಬರ್ತಾರೆ ದಿನಾ? ಎಲ್ಲರಿಗೂ ಕೆಲಸ. ಆ ದೂತನೂ ಇನ್ನು ಬರಲ್ಲ, ಬಾಗಿಲು ಈ ಪಾಟಿ ಕಿರುಚಿಕೊಂಡ್ರೆ ಹೇಗೆ ಬಂದಾನು. ಅವನು ಮತ್ತೆ ಬರೋ ತನಕ ನಿನ್ನನ್ನೇ ಇಟ್ಕೊಂಡು ಸುಧಾರಿಸಬೇಕು."

ಮೆಕ್ಯಾನಿಕ್ ಒಂದು ವರ್ಷದಿಂದ ತಾತನ ತಲೆಯ ಮೇಲೇ ಮನೆ ಮಾಡಿಕೊಂಡಿದ್ದ, ಆ ಬಾಗಿಲ ಸದ್ದನ್ನು ದಿನಾ ಕೇಳುತ್ತಿದ್ದ, ಬಾಗಿಲಿನ ಒಳಗಿದ್ದವರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

"ಬರ್ತೀನಿ ತಾತ," ಎಂದ.

"ದಾರೀಲಿ ಆ ದೂತ ಬಂದ ಕತೆ ಹೇಳ್ತೀನಿ. ದಿನಾ ಹೇಳ್ತೀನಿ. ದಾರೀಲಿ ಸಿಕ್ಕವರಿಗೂ ಹೇಳ್ತೀನಿ, ನೀನು ಪಕ್ಕದಲ್ಲಿ ನಿಂತ್ಕೊಂಡು ಆಮೆನ್ ಅನ್ನಬೇಕು. ಹಾಗೆ ಅಂತಾ ಅಂತಾ ಬೇರೆಯವರ ಕೆಲಸ ನಂದು ಅನ್ನೋ ನಿನ್ನ ಚಟವೂ ಬಿಟ್ಟುಹೋಗುತ್ತೆ."

"ಆಗಲಿ ತಾತ."

"ನಾಳೆಯಿಂದಲೇ ಶುರು ಮಾಡು. ಇವತ್ತು ಆ ದೂತ ಬಂದಿದ್ನಲ್ಲ, ಅದೇ ಹೊತ್ತಿಗೆ ಬಾ," ಎಂದರು ತಾತ.

ಅದು ಎಷ್ಟು ಹೊತ್ತಿಗೆ ಎಂದು ಮೆಕ್ಯಾನಿಕ್ ಕೇಳಲಿಲ್ಲ.